ಪೆನ್‌ಡ್ರೈವಿನಲ್ಲೊಂದು ಕೆಂಡ

ಕೆಂಡ ತರಲು ಹೋಗುವುದು ಎಂದರೆ ಈಗಿನ ಮಕ್ಕಳಿಗೆ ಅರ್ಥವಾಗಲಿಕ್ಕಿಲ್ಲ. ನಾವು ಸಣ್ಣವರಿದ್ದಾಗ ನಮ್ಮ ಕೊಂಕಲ್‌ನಲ್ಲಿ ಕಡ್ಡಿಪೆಟ್ಟಿಗೆಯನ್ನೂ ಲೆಕ್ಕ ಹಾಕಿ ಬಳಸುತ್ತಿದ್ದರು. ಬೆಳಿಗ್ಗೆ ಒಲೆ ಆರಿದ್ದರೆ ಅವ್ವ ಕೈಗೊಂದು ಕುಳ್ಳು ಕೊಟ್ಟು ಪಕ್ಕದ ಮನೆಗೆ ಓಡಿಸುತ್ತಿದ್ದಳು. ಅವರ ಒಲೆಯ ಕೆಂಡವನ್ನು ಆ ಕುಳ್ಳಿನ ಮೇಲೆ ಇಟ್ಟುಕೊಂಡು, ಗಾಳಿಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಊದುತ್ತ ಬರಬೇಕು. ನಮ್ಮ ಮನೆಯಲ್ಲಿ ತೊಗರಿ ಕಟ್ಟಿಗೆ ಇತ್ತು, ಜೋಳದ ಹಿಟ್ಟಿತ್ತು, ಹಂಚಿತ್ತು. ಇಲ್ಲದ್ದು ಒಂದೇ, ಮೊದಲ ಕಿಡಿ. ಅದು ಮಾತ್ರ ಹೊತ್ತಿದ ಇನ್ನೊಂದು ಒಲೆಯಿಂದಲೇ ಬರಬೇಕು.

ಕಂಪ್ಯೂಟರಿಗೂ ಹೀಗೆ ಕೆಂಡ ತಂದು ಕೊಡಬೇಕಾಗುತ್ತದೆ. ಅದನ್ನೇ ‘ಬೂಟ್ ಆಗುವ ಪೆನ್‌ಡ್ರೈವ್’ ಎನ್ನುತ್ತಾರೆ. ಕಳೆದ ದೀಪಾವಳಿಯ ಆಸುಪಾಸಿನಲ್ಲಿ ನಾನೂ ಒಂಬತ್ತನೆಯ ತರಗತಿಯ ನನ್ನ ಮೊಮ್ಮಗಳೂ ಕೂಡಿ ಅಂಥದ್ದೊಂದನ್ನು ತಯಾರಿಸಿದೆವು. ಅದರ ಕಥೆ ಇದು. ಅಜ್ಜ ಅಜ್ಜಿಯರು ‘ಇದು ನಮಗಲ್ಲ’ ಎಂದು ಪುಟ ಮಗುಚಬೇಡಿ. ಇದರಲ್ಲಿ ನಮ್ಮ ಕಾಲದ ಜ್ಞಾನಕ್ಕೂ ಕೆಲಸವಿದೆ.

ಮನೆಯಲ್ಲಿರುವ ಲ್ಯಾಪ್‌ಟಾಪ್ 2016ರದ್ದು. ಮಗ ಓದುವಾಗ ಕೊಂಡದ್ದು, ಅವನಿಗೆ ನೌಕರಿ ಸಿಕ್ಕ ಮೇಲೆ ಮೊಮ್ಮಗಳ ಪಾಲಿಗೆ ಬಂದಿತ್ತು. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಗಿಯಿತು ಎಂದರೆ ಯಂತ್ರ ನಿಂತುಹೋಯಿತು ಎಂದಲ್ಲ. ಹೊಸ ಹೊಸ ವೈರಸ್ಸಿಗೆ ಬರುತ್ತಿದ್ದ ಔಷಧಿ ಇನ್ನು ತಾನಾಗಿ ಬರುವುದಿಲ್ಲ ಎಂದು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ನಮ್ಮದು ಆರನೆಯದು.

ಶಹರದ ಅಂಗಡಿಗೆ ಒಯ್ದು ತೋರಿಸಿಕೊಂಡು ಬಂದ ಮೊಮ್ಮಗಳು ಚೀಲವನ್ನು ಕಟ್ಟೆಯ ಮೇಲೆ ಇಟ್ಟು ಸುಮ್ಮನೆ ಕುಳಿತಳು.

“ಮುತ್ಯಾ, ಇದರದ್ದು ಮುಗೀತಂತ. ಹೊಸಾದು ತಗೋರಿ ಅಂದ್ರು.”

“ಎಷ್ಟಂತ?”

“ಮೂವತ್ತೈದು ಸಾವಿರದ ಮ್ಯಾಲ. ಬ್ಯಾಡ ಬಿಡು, ನಾ ಫೋನಿನ್ಯಾಗ ಓದ್ತೀನಿ.”

ಆ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದುಕೊಂಡು ಅವಳಪ್ಪನ ಕೈ ಖಾಲಿಯಾಗಿತ್ತು. ಅದು ಅವಳಿಗೂ ಗೊತ್ತಿತ್ತು. ಹದಿನಾಲ್ಕು ವರ್ಷದ ಮಗು ತಾನಾಗಿ ‘ಬ್ಯಾಡ ಬಿಡು’ ಎಂದಾಗ ಕೇಳಿಸಿಕೊಂಡು ಸುಮ್ಮನಿರುವುದು ಕಷ್ಟ. ಅಂಗಡಿಯವರು ಇನ್ನೊಂದು ದಾರಿಯನ್ನೂ ಹೇಳಿದ್ದರಂತೆ. ಐದುನೂರು ಕೊಟ್ಟರೆ ‘ಕ್ರ್ಯಾಕ್’ ಮಾಡಿದ ವಿಂಡೋಸ್ ಹಾಕಿಕೊಡುತ್ತಾರೆ. ಅದು ಮಾತ್ರ ಬೇಡವೆಂದೆ. ಬೀಗ ಒಡೆದವನೇ ತಂದುಕೊಟ್ಟ ಬೀಗವನ್ನು ಮನೆಗೆ ಹಾಕಿಕೊಂಡಂತೆ ಅದು.

ಉಳಿದ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಶುರುಮಾಡಿದ್ದು, ಎಲ್ಲರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಬಿಟ್ಟದ್ದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಅದರ ಮೇಲೆ ಕಟ್ಟಿದ ವ್ಯವಸ್ಥೆಗಳು ಬಹಳ ಇವೆ. ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್, ಅದರಲ್ಲೂ ಹಳೆಯ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಬಗೆ. ಮಿಂಟಿನ ಪ್ರತಿಯೊಂದು ಆವೃತ್ತಿಗೂ ‘ಆ’ ಎಂದು ಮುಗಿಯುವ ಹೆಣ್ಣುಮಕ್ಕಳ ಹೆಸರು ಇಡುತ್ತಾರೆ. 22ಕ್ಕೆ ವಿಲ್ಮಾ, 22.2ಕ್ಕೆ ಜಾರಾ. ಇದು ಮೊಮ್ಮಗಳಿಗೆ ಬಹಳ ಹಿಡಿಸಿತು. ನನಗೆ ಹಿಡಿಸಿದ್ದು ಬೇರೆ ಎರಡು ಸಂಗತಿ. ದುಡ್ಡು ಕೊಡಬೇಕಿಲ್ಲ, ಮತ್ತು ಈ 22ರ ಸಾಲಿಗೆ 2029ರವರೆಗೆ ಬೆಂಬಲವಿದೆ.

ಇನ್ನು ‘ಬೂಟ್’ ಎಂದರೇನು? ಇಂಗ್ಲಿಷರಲ್ಲಿ ಒಂದು ಮಾತಿದೆ, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಅಂತ. ನಮ್ಮಲ್ಲಿ ತನ್ನ ಹೆಗಲ ಮೇಲೆ ತಾನೇ ಹತ್ತಿದ ಹಾಗೆ. ಆಗದ ಕೆಲಸ ಅಂತಲೇ ಆ ಮಾತು ಹುಟ್ಟಿದ್ದು. ಕಂಪ್ಯೂಟರಿನ ಪಾಡೂ ಅದೇ. ಡಿಸ್ಕಿನಿಂದ ಏನಾದರೂ ಓದಬೇಕಾದರೆ ಓದುವುದು ಹೇಗೆಂದು ಹೇಳುವ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಇರುವುದು ಡಿಸ್ಕಿನಲ್ಲೇ! ಈ ಗಂಟನ್ನು ಬಿಡಿಸಲು ಯಂತ್ರದ ಒಳಗೆ ಒಂದು ಪುಟ್ಟ ಚಿಪ್ಪಿನಲ್ಲಿ ಅಳಿಸಿಹೋಗದ ನಾಲ್ಕು ಮಾತು ಬರೆದಿಟ್ಟಿರುತ್ತಾರೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು, ಈಗಿನವುಗಳಲ್ಲಿ ಯುಇಎಫ್ಐ. ಕರೆಂಟು ಬಂದೊಡನೆ ಎಚ್ಚರಗೊಂಡು ‘ಡಿಸ್ಕಿನಲ್ಲಿ ಯಾರಾದರೂ ಇದ್ದೀರೇನು, ಪೆನ್‌ಡ್ರೈವಿನಲ್ಲಿ ಯಾರಾದರೂ ಇದ್ದೀರೇನು’ ಎಂದು ಒಂದೊಂದೇ ಬಾಗಿಲು ಬಡಿಯುವುದು ಅದರ ಕೆಲಸ.

ಬಡಿದ ಬಾಗಿಲ ಹಿಂದೆ ಏನನ್ನು ನೋಡುತ್ತದೆ ಗೊತ್ತೇ? ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ ಓದುತ್ತಿತ್ತು. ಆ ತುಣುಕಿನ ಕೊನೆಯ ಎರಡು ಬೈಟುಗಳಲ್ಲಿ 55 ಮತ್ತು ಎಎ ಎಂಬ ಗುರುತು ಇದ್ದರೆ ಸರಿ, ಇಲ್ಲದಿದ್ದರೆ ಮುಂದಿನ ಬಾಗಿಲು. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕುಳಿತ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ವೋಚರಿನಲ್ಲಿ ಮೇಲೆ ಏನೇ ಬರೆದಿರಲಿ, ಕೆಳಗೆ ಅಧಿಕಾರಿಯ ಚಿಕ್ಕ ಸಹಿ ಇಲ್ಲದೆ ಕ್ಯಾಷಿಯರ್ ದುಡ್ಡು ಎಣಿಸುವುದಿಲ್ಲ. ಹೊಸ ಯುಇಎಫ್ಐ ಪದ್ಧತಿಯಲ್ಲಿ ಇಎಫ್ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರಲ್ಲಿ ಗೊತ್ತಾದ ಹೆಸರಿನ ಒಂದು ಫೈಲ್ ಇದೆಯೇ ಎಂದು ಹುಡುಕುತ್ತದೆ. ರೂಪ ಬೇರೆ, ರಿವಾಜು ಅದೇ.

ನಾನು ಮೊದಲು ಕಂಡ ಕೆಂಡ ಪೆನ್‌ಡ್ರೈವಲ್ಲ, ಫ್ಲಾಪಿ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳೂ ಕಂಪ್ಯೂಟರುಗಳೂ ಬರಲು ಶುರುವಾದವು. ‘ನೌಕರಿ ಹೋಗುತ್ತದೆ’ ಎಂದು ಸಂಘದವರು ಮಾತಾಡುತ್ತಿದ್ದ ಕಾಲ ಅದು. ನಮ್ಮ ಶಾಖೆಯ ಯಂತ್ರದ ಫ್ಲಾಪಿ ಹಪ್ಪಳದಂತೆ ಅಗಲ, ಬಳುಕುವಂಥದ್ದು, ಐದೂಕಾಲು ಇಂಚು. ಹಿಡಿಯುತ್ತಿದ್ದದ್ದು 360 ಕಿಲೋಬೈಟು. ಬೆಳಿಗ್ಗೆ ತಿಜೋರಿ ತೆರೆದಾಗ ನಗದಿನ ಜೊತೆ ಆ ಫ್ಲಾಪಿಯೂ ಹೊರಬರುತ್ತಿತ್ತು. ಅದನ್ನು ತೂರಿಸಿ ಯಂತ್ರ ಚಾಲೂ ಮಾಡಿದರೆ ಕರ್ರ ಕರ್ರ ಸದ್ದು ಮಾಡಿ ಕರಿ ಪರದೆಯ ಮೇಲೆ ‘ಎ’ ಎಂಬ ಅಕ್ಷರ ಮೂಡುವುದು. ಆಮೇಲೆಯೇ ನಮ್ಮ ದಿನ ಶುರು. ಮೊನ್ನೆ ಲೆಕ್ಕ ಹಾಕಿ ಮೊಮ್ಮಗಳಿಗೆ ಹೇಳಿದೆ, ಈಗಿನ ಮಿಂಟ್ ಫೈಲನ್ನು ಆ ಫ್ಲಾಪಿಗಳಲ್ಲಿ ತುಂಬಬೇಕೆಂದರೆ ಎಂಟು ಸಾವಿರಕ್ಕೂ ಹೆಚ್ಚು ಬೇಕು. ವಿಂಡೋಸ್ 95 ಬಂದಾಗ ಅದು 13 ಫ್ಲಾಪಿಗಳಲ್ಲಿ ಬಂದಿತ್ತು. ಆಮೇಲೆ ಸಿಡಿ ಬಂತು. ಉಬುಂಟು ಎಂಬ ಲಿನಕ್ಸಿನವರಂತೂ 2011ರವರೆಗೆ ಕೇಳಿದವರಿಗೆಲ್ಲ ದೇಶ ದೇಶಗಳಿಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ಕೆಂಡ ಅಂಚೆಯಲ್ಲಿ ಬರುತ್ತಿತ್ತು!

ಈಗ ಬರುವುದು ಗಾಳಿಯಲ್ಲಿ. ಮಿಂಟ್ ಫೈಲು ಸುಮಾರು 3 ಜಿಬಿ. ನಮ್ಮ ಫೋನಿಗೆ ದಿನಕ್ಕೆ ಸಿಗುವ ಡೇಟಾ 2 ಜಿಬಿ. ಅರ್ಧಕ್ಕೆ ನಿಂತರೆ ಏನು ಗತಿ? ಮೊಮ್ಮಗಳು ಫೋನಿನ ಮೆಸೇಜ್ ತೋರಿಸಿ, ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬರುತ್ತದೆ ಎಂದಳು. ಅಂದರೆ ಡೇ-ಎಂಡ್ ಮಧ್ಯರಾತ್ರಿಗೆ. ರಾತ್ರಿ ಹತ್ತಕ್ಕೆ ಶುರುಮಾಡಿದರೆ ಇವತ್ತಿನ ಖಾತೆಯಿಂದ ಒಂದಿಷ್ಟು, ನಾಳಿನ ಖಾತೆಯಿಂದ ಒಂದಿಷ್ಟು. ಹಾಗೇ ಮಾಡಿದೆವು. ಫೋನು ಮಾಳಿಗೆಯ ಮೆಟ್ಟಿಲ ಮೇಲೆ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಲ್ಯಾಪ್‌ಟಾಪ್ ಕೆಳಗೆ, ಕರೆಂಟಿನ ಸಮೀಪ. ಹನ್ನೆರಡೂವರೆಗೆ ಇಳಿದುಮುಗಿಯಿತು. ಅವಳ ಆಯಿ ಒಳಗಿನಿಂದ, “ಮುದುಕಗ ಹುಚ್ಚ ಹಿಡದದ, ಕೂಸಿಗೂ ಹಿಡಸ್ತಾನ” ಎಂದದ್ದು ಇಬ್ಬರಿಗೂ ಕೇಳಿಸಿತು.

ಫೈಲು ಬಂತು ಎಂದೊಡನೆ ಬಳಸಬಾರದು. ಇಲ್ಲಿ ಒಂದು ತಾಳೆ ನೋಡುವ ಕೆಲಸವಿದೆ, ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಅದೇ. ಮಿಂಟಿನವರು ಫೈಲಿನ ಜೊತೆ 64 ಅಕ್ಷರ-ಅಂಕಿಗಳ ಒಂದು ಸರವನ್ನೂ ಪ್ರಕಟಿಸುತ್ತಾರೆ. ಎಸ್‌ಎಚ್‌ಎ-256 ಎಂದು ಅದರ ಹೆಸರು. ಇಳಿಸಿಕೊಂಡ ಫೈಲಿನಿಂದ ನಮ್ಮ ಕಂಪ್ಯೂಟರಿನಲ್ಲೂ ಅದೇ ಲೆಕ್ಕ ಮಾಡಿಸಬಹುದು. ಎರಡೂ ಒಂದೇ ಬಂದರೆ ಫೈಲು ಸರಿ. 3 ಜಿಬಿಯಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಸರದ ರೂಪವೇ ಬದಲಾಗಿಹೋಗುತ್ತದೆ.

ಇದನ್ನು ಮೊಮ್ಮಗಳಿಗೆ ಹೇಳಲು ನಾನು ತಾರಿನ ಕಥೆ ಹೇಳಿದೆ. ಹಿಂದೆ ಒಂದು ಊರಿನ ಬ್ಯಾಂಕಿನಿಂದ ಇನ್ನೊಂದು ಊರಿಗೆ ತುರ್ತಾಗಿ ದುಡ್ಡು ಕಳಿಸಬೇಕೆಂದರೆ ತಾರು ಕೊಡುತ್ತಿದ್ದೆವು, ಟಿ.ಟಿ. ಎನ್ನುತ್ತಿದ್ದೆವು. ತಾರನ್ನು ಯಾರು ಬೇಕಾದರೂ ಕೊಡಬಹುದಲ್ಲ? ಆದ್ದರಿಂದ ತಾರೀಖು, ಮೊತ್ತ, ಶಾಖೆ ಇವುಗಳಿಂದ ಗುಪ್ತ ಪುಸ್ತಕ ನೋಡಿ ಒಂದು ಸಂಖ್ಯೆ ಕೂಡಿಸಿ ತಾರಿನಲ್ಲಿ ಸೇರಿಸುತ್ತಿದ್ದರು. ಆ ಕಡೆಯ ಅಧಿಕಾರಿ ತನ್ನ ಪುಸ್ತಕದಿಂದ ಅದೇ ಲೆಕ್ಕ ಮಾಡುತ್ತಿದ್ದ. ತಾರಿನವರು ಸಾವಿರವನ್ನು ಹತ್ತು ಸಾವಿರ ಎಂದು ಹೊಡೆದಿದ್ದರೂ ಸಂಖ್ಯೆ ಹೊಂದುತ್ತಿರಲಿಲ್ಲ, ದುಡ್ಡು ಹೊರಡುತ್ತಿರಲಿಲ್ಲ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಾರು ನಿಂತಿತು. ಆ ಯೋಚನೆ ಮಾತ್ರ ನಿಂತಿಲ್ಲ.

ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. 2016ರ ಫೆಬ್ರುವರಿ 20ರಂದು ಕಳ್ಳರು ಇದೇ ಮಿಂಟಿನ ಜಾಲತಾಣಕ್ಕೆ ಕನ್ನ ಹಾಕಿ, ಇಳಿಸಿಕೊಳ್ಳುವ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಇಟ್ಟ ಫೈಲು ಸಿಗುವಂತೆ ಮಾಡಿದ್ದರು. ತಂಡದವರು ಕೂಡಲೇ ಜನರಿಗೆ ತಿಳಿಸಿ, ಸರಿಯಾದ ಸರಗಳನ್ನು ಪ್ರಕಟಿಸಿ, ನಿಮ್ಮ ಫೈಲನ್ನು ತಾಳೆ ನೋಡಿಕೊಳ್ಳಿ ಎಂದರು. ಅದಕ್ಕೇ ಆ ಸರವನ್ನು ಒಂದೇ ಕಡೆಯಿಂದ ತೆಗೆದುಕೊಳ್ಳದೆ ಇನ್ನೊಂದು ನಂಬಿಕೆಯ ತಾಣದಲ್ಲೂ ನೋಡುವುದು ಒಳ್ಳೆಯದು. ನಾವು ಹಾಗೆ ಮಾಡಿದೆವು. ಅವಳು ಪರದೆಯಿಂದ ನಾಲ್ಕು ನಾಲ್ಕು ಅಕ್ಷರ ಓದಿದಳು, ನಾನು ಕಾಗದದಲ್ಲಿ ಬರೆದುಕೊಂಡದ್ದಕ್ಕೆ ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತ ಹೋದೆ. ಹದಿನಾರು ಟಿಕ್. “ಟ್ಯಾಲಿ” ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ!

ಇನ್ನು ಪೆನ್‌ಡ್ರೈವ್. ಮೊಮ್ಮಗಳು ತಿಜೋರಿಯಿಂದ ಒಂದನ್ನು ತಂದಳು. ಕೆಂಪು ಪೆಟ್ಟಿಗೆ, ಮೇಲೆ ಬಂಗಾರದ ಅಕ್ಷರ, ಅವಳ ಚಿಕ್ಕಪ್ಪನ ಮದುವೆಯ ವಿಡಿಯೊ. ಈಗ ಎಲ್ಲರ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಬೂಟ್ ಪೆನ್‌ಡ್ರೈವ್ ಮಾಡುವಾಗ ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಒಂದು ಫೈಲೂ ಉಳಿಯುವುದಿಲ್ಲ. “ಇದರಾಗ ಹಾಕಿದ್ರ ನಿನ್ನ ಕಾಕಾ ಮತ್ತ ಮದವಿ ಆಗಬೇಕಾಗ್ತದ” ಎಂದೆ. ಮದುವೆ ತಿಜೋರಿಗೆ ಹಿಂದಿರುಗಿತು. ಮುನ್ನೂರೈವತ್ತು ರೂಪಾಯಿಗೆ 16 ಜಿಬಿಯದೊಂದು ಹೊಸದು ತರಿಸಿದೆವು.

ಅದು ಬಂದ ದಿನ ನಾನು ಹೊಲಕ್ಕೆ ಹೋಗಿದ್ದೆ. ಮೊಮ್ಮಗಳು ತಡೆಯಲಾರದೆ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ಹಚ್ಚಿ ನೋಡಿದ್ದಾಳೆ. ಏನೂ ಆಗಲಿಲ್ಲ. ಇಲ್ಲೇ ಬಹಳ ಮಂದಿ ಎಡವುವುದು. ಆ ಫೈಲಿಗೆ ಐಎಸ್ಒ ಎನ್ನುತ್ತಾರೆ, ಒಂದು ಇಡೀ ಡಿಸ್ಕಿನ ಪಡಿಯಚ್ಚು ಅದು. ಅದನ್ನು ಸುಮ್ಮನೆ ಕಾಪಿ ಮಾಡುವುದು ಎಂದರೆ ಒಲೆಯಲ್ಲಿ ಇನ್ನೊಂದು ಹೊರೆ ಕಟ್ಟಿಗೆ ಇಟ್ಟ ಹಾಗೆ. ಆ ಅಚ್ಚನ್ನು ಪೆನ್‌ಡ್ರೈವಿನ ಮೊದಲ ಬೈಟಿನಿಂದ ಹಿಡಿದು ಬಿಚ್ಚಿ ಬರೆಯಬೇಕು. ಆಗ ಆ 512 ಬೈಟಿನ ಸಹಿಯೂ ಇಎಫ್ಐ ಫೋಲ್ಡರೂ ತಂತಮ್ಮ ಜಾಗದಲ್ಲಿ ಕೂಡುತ್ತವೆ.

ಹೀಗೆ ಬರೆಯಲು ಪುಕ್ಕಟೆ ಪ್ರೋಗ್ರಾಂಗಳಿವೆ. ರೂಫಸ್ ಒಂದು, ಎಚರ್ ಇನ್ನೊಂದು. ನಾವು ಎಚರ್ ಬಳಸಿದೆವು, ಮೂರೇ ಗುಂಡಿ. ಯಾವ ಫೈಲು, ಯಾವ ಪೆನ್‌ಡ್ರೈವ್, ಬರೆ. ಎರಡನೆಯ ಗುಂಡಿ ಒತ್ತುವಾಗ ಉಸಿರು ಹಿಡಿದು ನೋಡಬೇಕು, ಆರಿಸಿದ್ದು 16 ಜಿಬಿಯ ಪೆನ್‌ಡ್ರೈವೇ ಹೌದೋ ಅಲ್ಲವೋ ಎಂದು. ಬರೆದು ಮುಗಿಸಿ ಅದು ತಾನೇ ಇನ್ನೊಮ್ಮೆ ಓದಿ ತಾಳೆ ನೋಡುತ್ತದೆ, ನನಗೆ ಈ ಗುಣ ಮೆಚ್ಚುಗೆಯಾಯಿತು. ಮುಗಿದ ಮೇಲೆ ವಿಂಡೋಸ್ ಒಂದು ಪೆಟ್ಟಿಗೆ ತೋರಿಸಿ, ಈ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳಬಹುದು. ಬೇಡ ಎನ್ನಿ. ಅದಕ್ಕೆ ಓದಲು ಬಾರದ ಲಿಪಿ ಅಲ್ಲಿದೆ, ಅಷ್ಟೇ. ವಿಂಡೋಸೇ ಬೇಕು, ಯಂತ್ರವೂ ಹೊಸದು ಎನ್ನುವವರಿಗೆ ಮೈಕ್ರೋಸಾಫ್ಟಿನ ತಾಣದಲ್ಲೇ ಮೀಡಿಯಾ ಕ್ರಿಯೇಷನ್ ಟೂಲ್ ಎಂಬುದಿದೆ, 8 ಜಿಬಿಯ ಪೆನ್‌ಡ್ರೈವ್ ಸಾಕು.

ಹಳೆಯದನ್ನು ಅಳಿಸುವ ಮುಂಚೆ ಒಂದು ಸಂಜೆ ಕುಳಿತು ಪಟ್ಟಿ ಮಾಡಿದೆವು. ಮಗನ ಅಂಕಪಟ್ಟಿಗಳು, ಹೊಲದ ಪಹಣಿ, ಮೊಮ್ಮಗಳ ನೋಟ್ಸು, ಫೋಟೊಗಳು. ಎಲ್ಲವನ್ನೂ ಬೇರೆ ಕಡೆ ಎರಡು ಪ್ರತಿ ಮಾಡಿ, ಒಂದೊಂದನ್ನೂ ತೆರೆದು ನೋಡಿ ಟಿಕ್ ಹಾಕಿದ ಮೇಲೆಯೇ ಮುಂದಿನ ಕೆಲಸ.

ಪೆನ್‌ಡ್ರೈವ್ ಹಚ್ಚಿ ಯಂತ್ರ ಚಾಲೂ ಮಾಡುತ್ತಲೇ ಒಂದು ಕೀಲಿ ಒತ್ತುತ್ತಿರಬೇಕು. ಕಂಪನಿಗೊಂದು ಕೀಲಿ, ಎಫ್12, ಎಫ್9, ಎಸ್ಕೇಪ್ ಹೀಗೆ. ನಮ್ಮದಕ್ಕೆ ಎಫ್12. ಯಾವ ಬಾಗಿಲು ಬಡಿಯಲಿ ಎಂದು ಕೇಳಿತು, ಪೆನ್‌ಡ್ರೈವ್ ಎಂದೆವು. ಒಂದೆರಡು ನಿಮಿಷಕ್ಕೆ ಹೊಸ ಪರದೆ! ಇದು ಇನ್ನೂ ಡಿಸ್ಕನ್ನು ಮುಟ್ಟಿರಲಿಲ್ಲ. ಪೆನ್‌ಡ್ರೈವಿನಿಂದಲೇ ನಡೆಯುತ್ತಿತ್ತು. ಇದೊಂದು ದೊಡ್ಡ ಅನುಕೂಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ ನಡೆಯುತ್ತದೆಯೇ ಎಂದು ಎಲ್ಲ ನೋಡಿ, ಒಪ್ಪಿಗೆಯಾದರೆ ಮಾತ್ರ ಡಿಸ್ಕಿಗೆ ಹಾಕಿಕೊಳ್ಳಬಹುದು.

‘ಇನ್‌ಸ್ಟಾಲ್’ ಒತ್ತಿದಾಗ ಮೊದಲು ಭಾಷೆ ಕೇಳಿತು. ಉದ್ದ ಪಟ್ಟಿ. ಅವಳು ಇಂಗ್ಲಿಷಿನ ಕಡೆ ಕೈ ಒಯ್ಯುತ್ತಿದ್ದವಳು ಥಟ್ಟನೆ ನಿಂತು, “ಮುತ್ಯಾ, ಕನ್ನಡ ಅದ!” ಎಂದಳು. ಕನ್ನಡದ ಅಕ್ಷರದಲ್ಲೇ ಇತ್ತು. ಯಾರೋ ಕನ್ನಡಿಗರು ಸಂಬಳವಿಲ್ಲದೆ ಕುಳಿತು ಒಂದೊಂದೇ ಸಾಲು ಅನುವಾದಿಸಿದ್ದರ ಫಲ ಅದು. ಕೆಲವು ಕಡೆ ಕನ್ನಡ ನಡುವೆ ಇಂಗ್ಲಿಷಿಗೆ ಜಾರುತ್ತದೆ ನಿಜ. ಉಳಿದದ್ದನ್ನು ಮುಗಿಸಲು ಈಗಿನ ಮಕ್ಕಳಿಗೆ ಜಾಗವಿದೆ. ಕೀಲಿಮಣೆಯ ಪಟ್ಟಿಯಲ್ಲೂ ಕನ್ನಡದ ‘ಕಗಪ’ ವಿನ್ಯಾಸವಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಅದರ ಮೂಲ.

ಡಿಸ್ಕನ್ನು ಅಳಿಸಲೇ ಎಂಬ ಕೊನೆಯ ಪ್ರಶ್ನೆಗೆ ಹೌದು ಎಂದದ್ದು ಮೊಮ್ಮಗಳು. ಕೆಲಸ ಅರ್ಧ ದಾಟಿತ್ತು. ಆಗ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಪರದೆ ಕಪ್ಪಾಯಿತು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ, ದನಿ ಮಾತ್ರ ಕೇಳಿಸಿತು.

“ಹಳೇದೂ ಹೋಯ್ತು, ಹೊಸಾದೂ ಬರ್ಲಿಲ್ಲ. ಹೌದಲ್ಲ ಮುತ್ಯಾ?”

“ಪೆನ್‌ಡ್ರೈವ್ ಎಲ್ಲದ?”

“ಇಲ್ಲೇ ಅದ, ಹಚ್ಚಿದ್ದು.”

“ಮತ್ತೇನು! ಅದು ಇರೋತನ ಹತ್ತು ಸಲ ಹಚ್ಚಬಹುದು.”

ಹೇಳುವುದು ಹೇಳಿದೆ, ನನ್ನ ಎದೆಯೂ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಒಂದೂವರೆ ತಾಸಿಗೆ ಕರೆಂಟು ಬಂತು. ಮತ್ತೆ ಎಫ್12, ಮತ್ತೆ ಪೆನ್‌ಡ್ರೈವ್, ಮತ್ತೆ ಮೊದಲಿನಿಂದ. ಈ ಸಲ ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಅದು ತನ್ನ ಡಿಸ್ಕಿನಿಂದ ತಾನೇ ಎದ್ದಿತು. ಅವಳು ಮೊದಲು ಟೈಪ್ ಮಾಡಿದ್ದು ‘ಕೊಂಕಲ್’.

ಕೇರಳದ ಶಾಲೆಗಳಲ್ಲಿ ಇದು ಹೊಸತಲ್ಲ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗಾಗಿಯೇ ಉಬುಂಟು ಆಧಾರಿತ ಲಿನಕ್ಸನ್ನು ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ, ಐಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ನಮ್ಮ ಭಾಗದ ಮಕ್ಕಳಿಗೂ ಅದು ಸಿಕ್ಕರೆ ಎಷ್ಟು ಹಳೆಯ ಯಂತ್ರಗಳು ಗುಜರಿಗೆ ಹೋಗುವುದು ತಪ್ಪುತ್ತದೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಆ ಲ್ಯಾಪ್‌ಟಾಪ್ ಈಗಲೂ ನಡೆಯುತ್ತಿದೆ. ಹಾರುತ್ತದೆ ಎಂದರೆ ಸುಳ್ಳಾದೀತು, ಆದರೆ ಮೊದಲಿನಂತೆ ಚಾಲೂ ಮಾಡಿ ಚಹಾ ಕುಡಿದು ಬರುವಷ್ಟು ಕಾಯಬೇಕಿಲ್ಲ. ಪೆನ್‌ಡ್ರೈವಿಗೆ ಒಂದು ಚೀಟಿ ಅಂಟಿಸಿ, ಬ್ಯಾಂಕಿನ ಫ್ಲಾಪಿಗಳಿಗೆ ಬರೆಯುತ್ತಿದ್ದ ಹಾಗೆ ಹೆಸರು, ಆವೃತ್ತಿ, ತಾರೀಖು ಬರೆದಿದ್ದೇನೆ. ಸುದ್ದಿ ಹೇಗೋ ಹಬ್ಬಿ ಒಬ್ಬೊಬ್ಬರೇ ಬರತೊಡಗಿದರು, “ರೀ, ಆ ಪೆನ್‌ಡ್ರೈವ್ ಒಂದಿನ ಕೊಡ್ರಿ” ಎಂದು. ಮೊಮ್ಮಗಳು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ನಾಲ್ಕು ಕಾಲಂ ಮಾಡಿದ್ದಾಳೆ. ಯಾರು, ಕೊಟ್ಟ ತಾರೀಖು, ತಂದ ತಾರೀಖು, ಸಹಿ. ಇಲ್ಲಿಯವರೆಗೆ ಏಳು ಹೆಸರುಗಳಿವೆ. ಏಳನೆಯವರು ಒಯ್ದು ಹನ್ನೊಂದು ದಿನವಾಯಿತು, ನಿನ್ನೆ ಅವಳು ಕೇಳಿಬರಲು ಹೋಗಿದ್ದಳು. ಅವರ ತಮ್ಮನ ಕಂಪ್ಯೂಟರ್ ಹೊತ್ತಿಸಲು ಸುರಪುರಕ್ಕೆ ಹೋಗಿದೆಯಂತೆ.